ತೊಗಟೆಯಡಿ ಸಿಕ್ಕ ದುಂಬಿ ಯಾವುದು? ಗುರುತು ಹಚ್ಚುವ ಕ್ರಮ

ಗಾಳಿಮಳೆಗೆ ಬಿದ್ದ ಹಲಸಿನ ದಿಮ್ಮಿಯ ತೊಗಟೆ ಎತ್ತುತ್ತೀರಿ. ಒಳಗೆ ಮಿರಮಿರ ಮಿಂಚುವ ಕಪ್ಪು ಹುಳವೊಂದು ಯಾರೋ ಇಸ್ತ್ರಿ ಮಾಡಿ ಇಟ್ಟಂತೆ ಚಪ್ಪಟೆಯಾಗಿ ಮರಕ್ಕೆ ಅಂಟಿಕೊಂಡಿದೆ. ಮೊದಲು ಕೈ ಅದರ ಕಡೆಗೇ ಹೋಗುತ್ತದೆ. ಹುಳ ಡಬ್ಬಿಗೆ ಬೀಳುತ್ತದೆ, ಮನೆಗೆ ಬಂದ ಮೇಲೆ ಅದು ಯಾವ ಮರ, ತೊಗಟೆ ಹಸಿಯಿತ್ತೋ ಒಣಗಿತ್ತೋ ಯಾವುದೂ ನೆನಪಿರುವುದಿಲ್ಲ. ತೊಗಟೆಯಡಿಯ ಹುಳಗಳ ಮಟ್ಟಿಗೆ ಅದು ಅರ್ಧ ಗುರುತನ್ನೇ ಕಳೆದುಕೊಂಡಂತೆ. ಇಲ್ಲಿ ಬಣ್ಣಕ್ಕಿಂತ ಜಾಗ ಹೆಚ್ಚು ಹೇಳುತ್ತದೆ, ಗಾತ್ರಕ್ಕಿಂತ ಮೈಯ ಆಕಾರ ಹೆಚ್ಚು ಹೇಳುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಬೀಟಲ್‌ಗೆ ಪಠ್ಯಪುಸ್ತಕಗಳು ಜೀರುಂಡೆ ಎನ್ನುತ್ತವೆ. ಮಲೆನಾಡಿನ ಹಲವೆಡೆ ಜೀರುಂಡೆ ಎಂದರೆ ಮರದಲ್ಲಿ ಕೂತು ಕಿವಿಗಡಚಿಕ್ಕುವಂತೆ ಕಿರುಗುಟ್ಟುವ ಸಿಕಾಡ. ಹಾಗಾಗಿ ಇಲ್ಲಿ ಕೃಷಿಯವರು ಬಳಸುವ ದುಂಬಿ ಎಂಬ ಪದವನ್ನೇ ಇಟ್ಟುಕೊಂಡಿದ್ದೇವೆ. ಹೂವಿನ ಸುತ್ತ ಗುಂಯ್‌ಗುಡುವ ಕಾವ್ಯದ ದುಂಬಿ ಬೇರೆ.

ಮುಟ್ಟುವ ಮೊದಲು

ಹುಳವನ್ನು ಎತ್ತುವ ಮುಂಚೆ ಅದು ಇದ್ದಲ್ಲೇ ಎರಡು ಫೋಟೊ ತೆಗೆಯಿರಿ: ಒಂದು ಹುಳದ್ದು, ಇನ್ನೊಂದು ಇಡೀ ಮರದ್ದು. ಆಮೇಲೆ ಇಷ್ಟನ್ನು ಬರೆದುಕೊಳ್ಳಿ. ಮರ ಯಾವುದು? ಜೀವಂತವೋ, ಸತ್ತದ್ದೋ? ಸತ್ತದ್ದಾದರೆ ಬಿದ್ದು ಎಷ್ಟು ಕಾಲವಾಗಿರಬಹುದು? ತೊಗಟೆ ಬಿಗಿಯಾಗಿತ್ತೇ, ಬೆರಳಲ್ಲಿ ಎತ್ತಿದರೆ ಏಳುವಷ್ಟು ಸಡಿಲವೇ? ಒಳಪದರ ಒದ್ದೆಯಾಗಿ ಹುಳಿವಾಸನೆ ಬರುತ್ತಿತ್ತೇ, ಇಲ್ಲ ಮರ ಲಡ್ಡು ಹಿಡಿದು ಕೈಯಲ್ಲಿ ಪುಡಿಯಾಗುತ್ತಿತ್ತೇ? ಬಿಳಿ ಬೂಷ್ಟು, ಅಣಬೆ ಇದ್ದವೇ? ಮರದ ಮೈಮೇಲೆ ಕೊರೆದ ದಾರಿಗಳಿದ್ದವೇ, ಅವುಗಳಲ್ಲಿ ಹಿಟ್ಟಿನಂಥ ಪುಡಿ ತುಂಬಿತ್ತೇ, ನಾರಿನ ಚೂರುಗಳೇ?

ಇದನ್ನೆಲ್ಲ ಕೇಳುವುದಕ್ಕೆ ಕಾರಣವಿದೆ. ಮರ ಸಾಯುತ್ತಲೇ ಅದರ ಬಾಡಿಗೆದಾರರು ಸರದಿಯಂತೆ ಬದಲಾಗುತ್ತಾರೆ. ಒಳತೊಗಟೆ ಇನ್ನೂ ಹಸಿಯಾಗಿ ಹುಳಿಯುತ್ತಿರುವಾಗ ತೊಗಟೆ ಕೊರೆಯುವ ಸಣ್ಣ ದುಂಬಿಗಳು, ಉದ್ದ ಮೀಸೆಯ ದುಂಬಿಗಳ ಮರಿಹುಳುಗಳು, ನೊಣಗಳ ಮರಿಹುಳುಗಳು, ಇವುಗಳನ್ನು ಬೇಟೆಯಾಡುವ ಚಪ್ಪಟೆ ದುಂಬಿಗಳು ಬರುತ್ತವೆ. ತೊಗಟೆ ಸಡಿಲಾಗಿ ಬೂಷ್ಟು ಹಿಡಿದ ಮೇಲೆ ಬೂಷ್ಟು ತಿನ್ನುವವು. ಮರ ಲಡ್ಡಾದ ಮೇಲೆ ಕೊಳೆತ ಮರವನ್ನೇ ತಿನ್ನುವವು. ಹಂತ ಗೊತ್ತಾದರೆ ಹುಡುಕಬೇಕಾದ ಪಟ್ಟಿ ಅಲ್ಲಿಗೇ ಚಿಕ್ಕದಾಗುತ್ತದೆ.

ತೊಗಟೆಯ ಸಂದಿಗೆ ಬೆರಳು ತೂರಿಸಬೇಡಿ. ದಪ್ಪ ಕೈಗವಸು ಹಾಕಿಕೊಂಡು, ಮೊಂಡು ಸ್ಕ್ರೂಡ್ರೈವರ್‌ನಿಂದ ನಿಮ್ಮಿಂದ ಆಚೆ ಇರುವ ಅಂಚನ್ನು ಮೊದಲು ಎತ್ತಿ. ಆಗ ಬಾಯಿ ಆಚೆಗೆ ತೆರೆಯುತ್ತದೆ. ಚೇಳು, ಜರಿ, ಮರಿಹಾವು ಏನಿದ್ದರೂ ಆಚೆಗೆ ಓಡುತ್ತದೆ. ಕೆಳಗೊಂದು ಬಿಳಿ ಪಂಚೆ ಹಾಸಿ. ಚಪ್ಪಟೆ ಹುಳಗಳು ಬೆಳಕು ಬಿದ್ದ ಕೂಡಲೇ ಜಾರಿ ಬೀಳುತ್ತವೆ, ತರಗೆಲೆಯಲ್ಲಿ ಬಿದ್ದರೆ ಮತ್ತೆ ಸಿಗುವುದಿಲ್ಲ. ಅಂಗೈ ಅಗಲದಷ್ಟು ತೊಗಟೆ ಸಾಕು, ನೋಡಿದ ಮೇಲೆ ಇದ್ದ ಹಾಗೇ ಮುಚ್ಚಿಡಿ. ಜೀವಂತ ಮರದ ಬಿಗಿ ತೊಗಟೆಯನ್ನು ಮಾತ್ರ ಕುತೂಹಲಕ್ಕಾಗಿ ಎಬ್ಬಿಸಬೇಡಿ, ಆ ಗಾಯದಿಂದಲೇ ಮರಕ್ಕೆ ರೋಗ ಹತ್ತುತ್ತದೆ.

ಅದು ದುಂಬಿಯೇ ಹೌದೇ?

ಬೆನ್ನು ನೋಡಿ. ದುಂಬಿಯ ಮುಂದಿನ ಜೋಡಿ ರೆಕ್ಕೆ ಗಟ್ಟಿ ಚಿಪ್ಪಾಗಿರುತ್ತದೆ. ಎರಡು ಚಿಪ್ಪುಗಳು ಬೆನ್ನಿನ ನಡುವೆ ಬೈತಲೆ ತೆಗೆದಂತೆ ಒಂದೇ ನೇರ ಗೆರೆಯಲ್ಲಿ ಕೂಡುತ್ತವೆ. ತೊಗಟೆಯಡಿಯಲ್ಲಿ ಅತಿ ಹೆಚ್ಚು ಮೋಸ ಮಾಡುವುದು ತೊಗಟೆ ತಿಗಣೆ. ಅದೂ ಕಪ್ಪು, ಅದೂ ಚಪ್ಪಟೆ. ಅದರ ರೆಕ್ಕೆಗಳು ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ, ತುದಿಯಲ್ಲಿ ತೆಳು ಪೊರೆಯಿರುತ್ತದೆ. ಮಗುಚಿ ನೋಡಿದರೆ ತಲೆಯ ಕೆಳಗೆ ಸೂಜಿಯಂಥ ಹೀರುಗೊಳವೆ ಮಡಚಿಕೊಂಡಿರುತ್ತದೆ. ದುಂಬಿಗಿರುವುದು ಅಡ್ಡಡ್ಡ ಕಚ್ಚುವ ದವಡೆ. ಜಿರಳೆಯ ಮರಿಗೆ ಹಿಂಬದಿಯಲ್ಲಿ ಎರಡು ಗಿಡ್ಡ ಕುಡಿಗಳಿರುತ್ತವೆ, ಇಯರ್‌ವಿಗ್‌ಗೆ ಅದೇ ಜಾಗದಲ್ಲಿ ಇಕ್ಕಳ. ಇಯರ್‌ವಿಗ್‌ನಂತೆಯೇ ಗಿಡ್ಡ ರೆಕ್ಕೆಚಿಪ್ಪು, ಉದ್ದ ಬರಿ ಹೊಟ್ಟೆ ಇದ್ದು ಇಕ್ಕಳ ಇಲ್ಲದಿದ್ದರೆ ಅದು ರೋವ್ ಬೀಟಲ್, ದುಂಬಿಯೇ. ಕಿತ್ತಳೆ-ಕಪ್ಪು ಬಣ್ಣದ ಸಣ್ಣ ರೋವ್ ಬೀಟಲ್‌ಗಳನ್ನು ಚರ್ಮದ ಮೇಲೆ ಹೊಸಕಬೇಡಿ, ಕೆಲವುಗಳ ಮೈರಸದಿಂದ ಬೊಬ್ಬೆ ಏಳುತ್ತದೆ.

ಫೋಟೊ ತೆಗೆಯುವಾಗ

ಹುಳವನ್ನು ಮಡಚಿದ ಟಿಶ್ಯೂ ಕಾಗದದ ಜೊತೆ ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಸುಮಾರು 10 ನಿಮಿಷ ಇಡಿ. ಫ್ರೀಜರ್ ಬೇಡ. ಹೊರತೆಗೆದ ಮೇಲೆ ಒಂದೆರಡು ನಿಮಿಷ ಓಡುವುದಿಲ್ಲ, ಅಷ್ಟರಲ್ಲಿ ಕೆಲಸ ಮುಗಿಸಬೇಕು. ಅಳತೆಗೆ ನಾಣ್ಯ ಇಡುವುದು ರೂಢಿ, ಆದರೆ ಒಂದೇ ಬೆಲೆಯ ನಾಣ್ಯ ಸರಣಿಯಿಂದ ಸರಣಿಗೆ ಗಾತ್ರ ಬದಲಿಸಿದೆ. 1 ಮಿಲಿಮೀಟರ್ ಚೌಕದ ಗ್ರಾಫ್ ಹಾಳೆಯ ಮೇಲೆ ಇಟ್ಟರೆ ಅಳತೆಯೂ ಸಿಗುತ್ತದೆ, ಹಿನ್ನೆಲೆಯೂ ತಿಳಿಯಾಗಿರುತ್ತದೆ.

ಬೆನ್ನಿನ ಮೇಲಿಂದ ಒಂದೇ ಫೋಟೊ ತೆಗೆದು ‘ಇದು ಯಾವುದು?’ ಎಂದರೆ ತಜ್ಞರೂ ಕೈಚೆಲ್ಲುತ್ತಾರೆ. ಬೆನ್ನು, ಹೊಟ್ಟೆ, ಪಕ್ಕ, ಎದುರಿನಿಂದ ಮುಖ, ಮೀಸೆ, ಹಿಂಗಾಲಿನ ಪಾದ ಈ ಆರೂ ಬೇಕು. ಹೊಟ್ಟೆಯ ಕಡೆಯ ಫೋಟೊವನ್ನು ಬಿಟ್ಟುಬಿಡುವವರೇ ಹೆಚ್ಚು. ಕುಟುಂಬ ತಿಳಿಸುವ ಗುರುತುಗಳಲ್ಲಿ ಎಷ್ಟೋ ಅಲ್ಲಿಯೇ ಇರುತ್ತವೆ. ಹೊಳೆಯುವ ಕಪ್ಪು ಹುಳಕ್ಕೆ ನೇರ ಫ್ಲ್ಯಾಶ್ ಹಾಕಿದರೆ ಬಿಳಿ ಮಚ್ಚೆ ಬಿಟ್ಟು ಏನೂ ಕಾಣುವುದಿಲ್ಲ. ಬಿಳಿ ಪ್ಲಾಸ್ಟಿಕ್ ಲೋಟದ ತಳ ಕತ್ತರಿಸಿ ಹುಳದ ಸುತ್ತ ಗೋಡೆಯಂತೆ ನಿಲ್ಲಿಸಿ, ಹೊರಗಿನಿಂದ ಬೆಳಕು ಬಿಡಿ. ರೆಕ್ಕೆಯ ಗೀರುಗಳು ಎದ್ದು ಕಾಣುತ್ತವೆ. 10 ಪಟ್ಟು ಹಿಗ್ಗಿಸುವ ಮಸೂರ ಇದ್ದರೆ ಅದನ್ನು ಕಣ್ಣಿಗೆ ತಾಗಿಸಿ ಹಿಡಿದು ಹುಳವನ್ನು ಹತ್ತಿರ ತನ್ನಿ. ಮಸೂರವನ್ನು ಹುಳದ ಮೇಲೆ ಹಿಡಿದು ದೂರದಿಂದ ಬಗ್ಗಿ ನೋಡಿದರೆ ಪ್ರಯೋಜನವಿಲ್ಲ.

ಪಾದ ಎಣಿಸುವುದು

ಆಕಾರ, ರೆಕ್ಕೆಚಿಪ್ಪಿನ ಉದ್ದ, ಮೀಸೆ ಇವನ್ನು ಕಣ್ಣೇ ನೋಡಿಕೊಳ್ಳುತ್ತದೆ. ಎಣಿಸಬೇಕಾದದ್ದು ಪಾದದ ಗೆಣ್ಣುಗಳನ್ನು. ಕಾಲಿನ ಕೊನೆಯಲ್ಲಿ ಉಗುರಿನ ಹಿಂದೆ ಸಣ್ಣ ಗೆಣ್ಣುಗಳ ಸಾಲಿರುತ್ತದೆ. ಮುಂಗಾಲು, ನಡುಗಾಲು, ಹಿಂಗಾಲು ಈ ಕ್ರಮದಲ್ಲಿ ಬರೆಯುತ್ತಾರೆ. 5-5-5 ಬಂದರೆ ನೆಲದುಂಬಿ, ಚಿಟಿಕೆ ದುಂಬಿ, ಹಿಸ್ಟರ್ ದುಂಬಿ ಮುಂತಾದವು. 5-5-4 ಬಂದರೆ, ಅಂದರೆ ಹಿಂಗಾಲಲ್ಲಿ ಮಾತ್ರ ಒಂದು ಕಡಿಮೆಯಿದ್ದರೆ, ಹೆಚ್ಚಾಗಿ ಟೆನೆಬ್ರಿಯೋನಿಡೇ ಎಂಬ ಕಪ್ಪು ದುಂಬಿಗಳ ಕುಟುಂಬ. ತೊಗಟೆಯಡಿಯಲ್ಲಿ ಸಿಗುವ ‘ಏನೂ ವಿಶೇಷವಿಲ್ಲದ ಕಪ್ಪು ಹುಳ’ಗಳಲ್ಲಿ ಎಷ್ಟೋ ಇವೇ. ಇವುಗಳ ಮೀಸೆ ಮಣಿ ಪೋಣಿಸಿದಂತಿದ್ದು, ಬುಡ ತಲೆಯ ಅಂಚಿನ ಸೂರಿನಡಿ ಮರೆಯಾಗಿರುತ್ತದೆ.

4-4-4 ಎಂದು ಎಣಿಕೆ ಬಂದರೆ ಮತ್ತೊಮ್ಮೆ ನೋಡಿ. ಉದ್ದ ಮೀಸೆಯ ದುಂಬಿಗಳಲ್ಲಿ, ಮೂತಿಹುಳುಗಳಲ್ಲಿ ಇರುವುದು ಐದೇ. ನಾಲ್ಕನೆಯದು ತೀರ ಚಿಕ್ಕದಾಗಿ ಮೂರನೆಯ ಗೆಣ್ಣಿನ ಅಗಲವಾದ ಎರಡು ಹಾಲೆಗಳ ನಡುವೆ ಅಡಗಿರುತ್ತದೆ. ಆ ಹಾಲೆ ಕಂಡರೆ ಅದೇ ದೊಡ್ಡ ಸುಳಿವು. ಮುಂಗಾಲೊಂದನ್ನೇ ಎಣಿಸಿ ನಿಲ್ಲಿಸಬೇಡಿ: 5-5-5ಕ್ಕೂ 5-5-4ಕ್ಕೂ ವ್ಯತ್ಯಾಸ ಇರುವುದು ಹಿಂಗಾಲಿನಲ್ಲಿ. ಒಂದು ಪಾದ ಮುರಿದಿದ್ದರೆ ಇನ್ನೊಂದು ಕಡೆಯದನ್ನೂ ನೋಡಿ ಖಚಿತಪಡಿಸಿಕೊಳ್ಳಿ.

ಇಸ್ತ್ರಿ ಮಾಡಿದ ಆ ಕಪ್ಪು ಹುಳ

ಈಗ ಮೊದಲು ಹೇಳಿದ ಹುಳಕ್ಕೆ ಬರೋಣ, ಅತಿ ಹೆಚ್ಚು ಜನ ‘ಇದೇನು?’ ಎಂದು ಕೇಳುವುದು ಇಂಥದ್ದನ್ನೇ. ಸುಮಾರು 1 ಸೆಂಟಿಮೀಟರ್ ಉದ್ದ, ಪಾಲಿಶ್ ಹಾಕಿದಂಥ ಕಪ್ಪು, ಮುಂದಕ್ಕೆ ಚಾಚಿದ ಎರಡು ಬಾಗಿದ ದವಡೆ. ದವಡೆ ನೋಡಿದವರು ಸ್ಟ್ಯಾಗ್ ಬೀಟಲ್‌ನ (ಗಂಡಿಗೆ ಜಿಂಕೆಯ ಕೊಂಬಿನಂಥ ದೊಡ್ಡ ದವಡೆಯಿರುವ ದುಂಬಿ) ಮರಿ ಎಂದುಬಿಡುತ್ತಾರೆ. ಎರಡು ತಪ್ಪು ಒಟ್ಟಿಗೆ. ರೆಕ್ಕೆಚಿಪ್ಪು ಬಂದ ದುಂಬಿ ಆಗಲೇ ಬೆಳೆದು ಮುಗಿದಿರುತ್ತದೆ, ಅದು ಮುಂದೆ ದೊಡ್ಡದಾಗುವುದಿಲ್ಲ. ದುಂಬಿಯ ಮರಿ ಎಂದರೆ ಹುಳುವಿನ ರೂಪ, ಚಿಕ್ಕ ದುಂಬಿಯ ರೂಪವಲ್ಲ.

ಹಿಂಬದಿಯಿಂದ ನೋಡಿ. ರೆಕ್ಕೆಚಿಪ್ಪು ಹೊಟ್ಟೆಯ ತುದಿಯವರೆಗೆ ಬರದೆ ಕತ್ತರಿಯಲ್ಲಿ ಕತ್ತರಿಸಿದಂತೆ ನೇರವಾಗಿ ನಿಂತಿದೆಯೇ? ಅದರಾಚೆ ಹೊಟ್ಟೆಯ ಎರಡು ಗಟ್ಟಿ ಫಲಕಗಳು ಬರಿದಾಗಿ ಕಾಣುತ್ತಿವೆಯೇ? ಸ್ಟ್ಯಾಗ್ ಬೀಟಲ್‌ನಲ್ಲಿ ರೆಕ್ಕೆ ಹೊಟ್ಟೆಯನ್ನು ಪೂರ್ತಿ ಮುಚ್ಚುತ್ತದೆ. ಇನ್ನು ಮೀಸೆ. ಎರಡರಲ್ಲೂ ಮೊಣಕೈಯಂತೆ ಬಾಗಿರುತ್ತದೆ, ಗೊಂದಲ ಇಲ್ಲೇ. ಸ್ಟ್ಯಾಗ್ ಬೀಟಲ್‌ನಲ್ಲಿ ತುದಿಯ ಗೆಣ್ಣುಗಳು ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾಗಿದ್ದರೆ, ಇದರಲ್ಲಿ ತುದಿ ಒತ್ತಾದ ಒಂದೇ ಗುಂಡಿ. ಮುಂಗಾಲು ಅಗಲವಾಗಿದ್ದು ಹೊರ ಅಂಚಿನಲ್ಲಿ ಹಲ್ಲುಗಳಿರುತ್ತವೆ. ಹೆದರಿದರೆ ಕಾಲುಗಳನ್ನು ಮೈಗೆ ಒತ್ತಿಕೊಂಡು ಸತ್ತಂತೆ ಬಿದ್ದುಕೊಳ್ಳುತ್ತದೆ.

ಇಷ್ಟೂ ಹೊಂದಿದರೆ ನಿಮ್ಮ ಕೈಯಲ್ಲಿರುವುದು ಹಿಸ್ಟರಿಡೇ ಕುಟುಂಬದ ಹೋಲೊಲೆಪ್ಟ. ಈ ಕುಟುಂಬದ ಉಳಿದ ದುಂಬಿಗಳಲ್ಲಿ ಬಹುಪಾಲು ಗುಂಡನೆಯ ಗುಂಡಿಯಂತಿದ್ದರೆ, ಇದು ಮಾತ್ರ ತೊಗಟೆ-ಮರದ ನಡುವಿನ ಸಂದಿಗೆಂದೇ ಚಪ್ಪಟೆಯಾಗಿದೆ. ಅದು ಮರ ತಿನ್ನುವುದಿಲ್ಲ. ಹುಳಿಯುವ ಒಳತೊಗಟೆಯಲ್ಲಿ ಬೆಳೆಯುವ ನೊಣಗಳ ಮತ್ತಿತರ ಮರಿಹುಳುಗಳನ್ನು ಹಿಡಿದು ತಿನ್ನುತ್ತದೆ, ಹಾಗಾಗಿ ಬಿದ್ದು ಹೆಚ್ಚು ದಿನವಾಗದ ಮರದಲ್ಲಿ ಸಿಗುವುದೇ ಹೆಚ್ಚು. ಇದೇ ಕುಟುಂಬದ ಪ್ಲೀಸಿಯಸ್ ಜಾವಾನಸ್ ಎಂಬ ಇನ್ನೊಂದು ದುಂಬಿಯನ್ನು ಬಾಳೆಯ ಗೆಡ್ಡೆ ಕೊರೆಯುವ ಮೂತಿಹುಳುವಿನ ಹತೋಟಿಗೆಂದು 20ನೇ ಶತಮಾನದ ಆರಂಭದಲ್ಲಿ ಜಾವಾದಿಂದ ಫಿಜಿಗೆ ಒಯ್ದಿದ್ದರು. ಅಂಥ ಬಳಗದ ಹುಳವನ್ನು ‘ಕಾಂಡಕೊರಕ’ ಎಂದು ಕೊಲ್ಲುವುದು ನಷ್ಟವೇ ಸರಿ. ಹೋಲೊಲೆಪ್ಟದೊಳಗೆ ಯಾವ ಪ್ರಭೇದ ಎಂದು ಹೇಳಲು ಬೆನ್ನಿನ ಗೀರುಗಳು, ಹಿಂಬದಿ ಫಲಕದ ಚುಕ್ಕಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಫೋಟೊ ನೋಡಿ ಪ್ರಭೇದದ ಹೆಸರು ಹೇಳುವವರನ್ನು ನಂಬಬೇಡಿ.

ಬೇರೆ ಯಾವುದಿರಬಹುದು

2 ಸೆಂಟಿಮೀಟರ್‌ಗಿಂತ ದೊಡ್ಡದು, ಕಪ್ಪು, ರೆಕ್ಕೆಯ ಮೇಲೆ ಉದ್ದಕ್ಕೂ ಆಳವಾದ ಗೀರು, ಎದೆಗೂ ರೆಕ್ಕೆಗೂ ನಡುವೆ ಸೊಂಟ ಕಟ್ಟಿದಂಥ ಸಂದು, ತಲೆಯ ಮೇಲೊಂದು ಪುಟ್ಟ ಕೊಂಬು ಇದ್ದರೆ ಪ್ಯಾಸಲಿಡೇ ಕುಟುಂಬ. ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ತನ್ನಿ, ಕಿಚಿಕಿಚಿ ಸದ್ದು ಕೇಳುತ್ತದೆ. ಹೊಟ್ಟೆಯ ಮೇಲ್ಭಾಗವನ್ನು ಒಳರೆಕ್ಕೆಗೆ ತಿಕ್ಕಿ ಮಾಡುವ ಸದ್ದು ಅದು. ಇವು ಲಡ್ಡು ಮರದಲ್ಲಿ ಮರಿಗಳ ಜೊತೆ ಸಂಸಾರವಾಗಿ ಬದುಕುತ್ತವೆ. ಮರಿಹುಳುವಿಗೆ ನಾಲ್ಕೇ ಕಾಲಿರುವಂತೆ ಕಾಣುತ್ತದೆ, ಮೂರನೆಯ ಜೋಡಿ ಸದ್ದು ಮಾಡಲು ಮೊಟಕಾಗಿದೆ. ಪಶ್ಚಿಮ ಘಟ್ಟದಲ್ಲಿ ಇದೇ ಕುಟುಂಬದ ಲೆಪ್ಟಾಲ್ಯಾಕ್ಸ್ ತೊಗಟೆಯಡಿ ಬದುಕಲು ತಕ್ಕಂತೆ ಸಾಕಷ್ಟು ಚಪ್ಪಟೆಯಾಗಿದೆ. ಅದೇ ನೋಡುವವರನ್ನು ಗೊಂದಲಕ್ಕೆ ಕೆಡವುವುದು.

ಅಂಗಾತ ಮಲಗಿಸಿದರೆ ಟಕ್ಕೆಂದು ಚಿಮ್ಮಿ ಎಗರುವುದು ಚಿಟಿಕೆ ದುಂಬಿ. ಎದೆಯ ಮೇಲ್ಚಿಪ್ಪಿನ ಹಿಂದಿನ ಎರಡು ಮೂಲೆ ಮುಳ್ಳಿನಂತೆ ಚೂಪಾಗಿರುತ್ತವೆ. ಹಸಿರು-ನೀಲಿ ಲೋಹದ ಹೊಳಪು, ಉಬ್ಬುಗಣ್ಣು, ದಾರದಂಥ ಮೀಸೆ ಇದ್ದು ಮಿಂಚಿನಂತೆ ಓಡಿದರೆ ಕ್ಯಾಟಾಸ್ಕೋಪಸ್ ಇರಬಹುದು. ಅದು ನೆಲದುಂಬಿಗಳ ಕುಟುಂಬದ್ದೇ ಆದರೂ ಮರದ ಮೇಲೆ ಬೇಟೆಯಾಡುತ್ತದೆ. ತಲೆ ಮುಂದೆ ಕೊಳವೆಯಂತೆ ನೇರವಾಗಿ ಚಾಚಿದ ಸಪೂರ ಹುಳ ಬ್ರೆಂಟಿಡೇ. ಅದರಲ್ಲಿ ಒಂದೇ ಪ್ರಭೇದದ ಗಂಡುಗಳು ಗಾತ್ರದಲ್ಲಿ ಬಹಳ ವ್ಯತ್ಯಾಸವಾಗುವುದರಿಂದ ಎರಡು ಬೇರೆ ಹುಳ ಎಂದುಕೊಳ್ಳಬೇಡಿ. 3 ಮಿಲಿಮೀಟರ್‌ನ ಕಂದು ಚಪ್ಪಟೆ ಹುಳಗಳಲ್ಲಿ ಹಲವು ಸಿಲ್ವಾನಿಡೇ. ಅಕ್ಕಿಡಬ್ಬಿಯಲ್ಲಿ ಸಿಗುವ, ಎದೆಯ ಎರಡೂ ಅಂಚಿನಲ್ಲಿ ಆರಾರು ಗರಗಸದ ಹಲ್ಲಿರುವ ಹುಳದ ಬಂಧುಗಳು ಇವು.

ನಿಜವಾಗಿಯೂ ಅಪರೂಪಕ್ಕೆ ಕಾಣುವುದು ರೈಸೋಡಿಡ್. 5-8 ಮಿಲಿಮೀಟರ್, ಕೆಂಗಪ್ಪು, ಮಣಿಸರದಂಥ ಮೀಸೆ. ತಲೆ, ಎದೆಗಳ ಮೇಲೆ ಉಳಿಯಿಂದ ಕೆತ್ತಿದಂಥ ಆಳ ಗೀರುಗಳು. ಒಮ್ಮೆ ನೋಡಿದರೆ ಮರೆಯುವಂತಿಲ್ಲ. ಒದ್ದೆ ಲಡ್ಡು ಮರದಲ್ಲಿ ನಿಧಾನಕ್ಕೆ ಚಲಿಸುತ್ತದೆ. ಘಟ್ಟದ ಕಾಡಿನ ದಿಮ್ಮಿಗಳ ಮೇಲೆ ಫಲಕ ಜೋಡಿಸಿದ ಕವಚದಂಥ ಮೈ, ಸಾಸಿವೆಯಷ್ಟು ತಲೆ ಇರುವ ವಿಚಿತ್ರ ಪ್ರಾಣಿ ಕಂಡರೆ ಅದು ಟ್ರೈಲೋಬೈಟ್ ದುಂಬಿ. ಅದರ ಹೆಣ್ಣು ಜೀವಮಾನವಿಡೀ ಮರಿಹುಳುವಿನ ರೂಪದಲ್ಲೇ ಇರುತ್ತದೆ. ಮಿಂಚುಹುಳುವಿನ ಮರಿಯೂ ಹೀಗೇ ಕಾಣುತ್ತದೆ, ಕತ್ತಲಲ್ಲಿ ಇಟ್ಟರೆ ಅದರ ಹಿಂತುದಿ ಬೆಳಗುತ್ತದೆ.

ತೋಟದವರು ನೋಡಬೇಕಾದದ್ದು

ಸತ್ತ ಮರದ ತೊಗಟೆಯಡಿ ಸಿಕ್ಕ ಹುಳ ಆ ಮರವನ್ನು ಕೊಂದದ್ದಲ್ಲ, ಬಹುಪಾಲು ಮರ ಸತ್ತ ಮೇಲೆ ಬಂದದ್ದು. ಔಷಧಿ ಹೊಡೆಯುವ ಅಗತ್ಯವಿಲ್ಲ. ಕಾಳಜಿ ಬೇಕಾದದ್ದು ಜೀವಂತ ಗಿಡದಲ್ಲಿ ಮರಿಹುಳು ಸಿಕ್ಕಾಗ.

ಅರೇಬಿಕಾ ಕಾಫಿ ಗಿಡದ ಕಾಂಡದ ಮೇಲೆ ತೊಗಟೆ ಉಬ್ಬಿ ಗೆರೆಗಳಾಗಿದ್ದರೆ, ಒಳಗೆ ಸುರಂಗದಲ್ಲಿ ಪುಡಿ ಗಟ್ಟಿಯಾಗಿ ಒತ್ತಿ ತುಂಬಿದ್ದರೆ ಅದು ಬಿಳಿ ಕಾಂಡಕೊರಕ. ದುಂಬಿ ಕಪ್ಪಗೆ ಸಪೂರವಾಗಿದ್ದು ರೆಕ್ಕೆಯ ಮೇಲೆ ಬಿಳಿ ಗೆರೆಗಳು ತಲೆಕೆಳಗಾದ ಕವಣೆಕೋಲಿನ ಆಕಾರದಲ್ಲಿರುತ್ತವೆ. ಉದ್ದ ಮೀಸೆಯ ದುಂಬಿಗಳ ಕುಟುಂಬದ್ದಾದರೂ ಇದರ ಮೀಸೆ ಗಿಡ್ಡ, ಅದನ್ನು ನೋಡಿ ‘ಇದು ಬೇರೆ’ ಎಂದು ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಹಾರುವ ಕಾಲ ಎರಡು: ಏಪ್ರಿಲ್-ಮೇ, ಅಕ್ಟೋಬರ್-ಡಿಸೆಂಬರ್. ಬಿಸಿಲು ಬೀಳುವ ಕಾಂಡದ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಆದ್ದರಿಂದ ಗುರುತಿಸಿದ ಗಿಡಗಳನ್ನು ಮಾರ್ಚ್ ಮತ್ತು ಸೆಪ್ಟೆಂಬರ್ ಒಳಗೆ ಬೇರುಸಹಿತ ಕಿತ್ತು ಸುಡಬೇಕು. ಕಿತ್ತು ಬೇಲಿಯ ಹತ್ತಿರ ಸೌದೆಗೆಂದು ಒಟ್ಟಿಟ್ಟರೆ ದುಂಬಿ ಅಲ್ಲಿಂದಲೇ ಹಾರಿಬರುತ್ತದೆ.

ಮಾವಿನಲ್ಲಿ ಬೆರಳುದ್ದದ ಕೆನೆಬಣ್ಣದ ಮರಿಹುಳು ಸಿಕ್ಕರೆ ಬಾಟೊಸೆರ ಇರಬಹುದು. ಅದರ ದುಂಬಿ ಬೂದು ಬಣ್ಣ, 5 ಸೆಂಟಿಮೀಟರ್‌ವರೆಗೂ ಬೆಳೆಯುವಂಥದ್ದು, ಎದೆಯ ಮೇಲ್ಚಿಪ್ಪಿನಲ್ಲಿ ಎರಡು ಕಿತ್ತಳೆ ಮಚ್ಚೆ. ಮರಿಹುಳುವಿನ ತಲೆಯ ಹಿಂದಿನ ಭಾಗ ಹಾವಿನ ಹೆಡೆಯಂತೆ ಅಗಲವಾಗಿ ಚಪ್ಪಟೆಯಾಗಿದ್ದು ಉಳಿದ ಮೈ ಸಪೂರವಾಗಿದ್ದರೆ ಅದು ಲೋಹದ ಹೊಳಪಿನ ಬ್ಯೂಪ್ರೆಸ್ಟಿಡ್ ದುಂಬಿಯ ಮರಿ, ಅದರ ಸುರಂಗವೂ ಚಪ್ಪಟೆ. ಮೂರು ಜೊತೆ ಕಾಲಿದ್ದು ಕೊಕ್ಕೆಯಂತೆ ಬಾಗಿದ ದಪ್ಪ ಬಿಳಿ ಹುಳು ಕೊಳೆತ ಮರದಲ್ಲಿ ಸಿಕ್ಕರೆ ಅದನ್ನು ಅಲ್ಲೇ ಬಿಡಿ.

ಹೆಸರು ತಪ್ಪುವುದು ಎಲ್ಲಿ

ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗಳು ಸೂಚಿಸುವ ಮೊದಲ ಹೆಸರನ್ನು ಹಾಗೇ ಒಪ್ಪಿಕೊಳ್ಳುವುದರಿಂದಲೇ ಹೆಚ್ಚಿನ ತಪ್ಪುಗಳಾಗುತ್ತವೆ. ಯಾವ ಹುಳದ ಫೋಟೊಗಳು ಹೆಚ್ಚಿವೆಯೋ ಅದರ ಹೆಸರೇ ಮೇಲೆ ಬರುತ್ತದೆ. ನಮ್ಮ ಪ್ಯಾಸಲಿಡ್‌ಗೆ ಓಡೊಂಟೊಟೀನಿಯಸ್ ಡಿಸ್‌ಜಂಕ್ಟಸ್ ಎಂಬ ಹೆಸರು ಬಂದರೆ ನಿಲ್ಲಿ. ಅದು ಉತ್ತರ ಅಮೆರಿಕದ ಪೂರ್ವಭಾಗದ್ದು, ಇಲ್ಲಿಲ್ಲ. ಬಂದ ಹೆಸರಿನ ವ್ಯಾಪ್ತಿಯ ನಕ್ಷೆ ತೆರೆದು ನೋಡಿ. ಸಂಶಯವಿದ್ದರೆ ಕುಟುಂಬದ ಮಟ್ಟಕ್ಕೆ ನಿಲ್ಲಿಸಿ ಅಷ್ಟನ್ನೇ ಬರೆಯಿರಿ. ಸರಿಯಾದ ಕುಟುಂಬದ ಹೆಸರು ಹಾಕಿದರೆ ಆ ಕುಟುಂಬದ ತಜ್ಞರ ಕಣ್ಣಿಗೆ ಬೀಳುತ್ತದೆ. ಪ್ರಭೇದದ ಹೆಸರು ತಪ್ಪು ಹಾಕಿದರೆ ಅದು ತಪ್ಪು ಗುಂಪಿನಲ್ಲೇ ಹೂತುಹೋಗುತ್ತದೆ.

ಮಾದರಿ ಕಳಿಸಬೇಕಾದರೆ

ಮೀಸಲು ಅರಣ್ಯ, ಅಭಯಾರಣ್ಯಗಳಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲ, ಅಲ್ಲಿ ಫೋಟೊ ಸಾಕು. ನಿಮ್ಮದೇ ತೋಟದ ಹುಳವಾದರೆ ಸಂಶೋಧನಾ ಸಂಸ್ಥೆಗೆ ಮೊದಲು ಫೋಟೊ ಕಳಿಸಿ, ಅವರು ಕೇಳಿದರೆ ಮಾತ್ರ ಹುಳ. ಕಾಫಿಯದ್ದಾದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಮರಮುಟ್ಟಿನದ್ದಾದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಬೆಳೆಯ ಹುಳವಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೀಟಶಾಸ್ತ್ರ ವಿಭಾಗ ಅಥವಾ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ. ಹೊರದೇಶದ ತಜ್ಞರಿಗೆ ಅನುಮತಿಯಿಲ್ಲದೆ ಅಂಚೆಯಲ್ಲಿ ಕಳಿಸುವುದು ಕಾನೂನಿಗೆ ವಿರುದ್ಧ, ಸತ್ತ ಹುಳವಾದರೂ ಅಷ್ಟೆ.

ಹುಳವನ್ನು 70 ಪ್ರತಿಶತ ಆಲ್ಕೋಹಾಲ್ ಇರುವ ಸಣ್ಣ ಗಾಜಿನ ಸೀಸೆಗೆ ಹಾಕಿ, ಸೀಸೆಯನ್ನು ತುಂಬಿಸಿ. ಒಳಗೆ ಗಾಳಿ ಉಳಿದರೆ ದಾರಿಯಲ್ಲಿ ಕುಲುಕಿ ಮೀಸೆ, ಕಾಲು ಮುರಿಯುತ್ತವೆ. ಡಿಎನ್ಎ ಪರೀಕ್ಷೆಗಾದರೆ 95 ಪ್ರತಿಶತಕ್ಕಿಂತ ಹೆಚ್ಚಿನದು ಬೇಕು. ಮರಿಹುಳುವನ್ನು ನೇರವಾಗಿ ಆಲ್ಕೋಹಾಲ್‌ಗೆ ಹಾಕಿದರೆ ಕಪ್ಪಾಗಿ ಸುರುಟುತ್ತದೆ. ಮೊದಲು ಕುದಿಯುವುದಕ್ಕೆ ಸ್ವಲ್ಪ ಮುಂಚಿನ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ಆಮೇಲೆ ಹಾಕಿ.

ಚೀಟಿಯಲ್ಲಿ ಊರು, ತಾಲ್ಲೂಕು, ಜಿಲ್ಲೆ, ಮೊಬೈಲ್ ತೋರಿಸುವ ಅಕ್ಷಾಂಶ-ರೇಖಾಂಶ, ತಾರೀಕು, ಮರದ ಹೆಸರು, ತೊಗಟೆಯ ಸ್ಥಿತಿ, ಸಂಗ್ರಹಿಸಿದವರ ಹೆಸರು ಇರಲಿ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, 5-6 ಎಂದರೆ ಮೇ ಆರೋ ಜೂನ್ ಐದೋ ಯಾರಿಗೂ ತಿಳಿಯದು. ಬರೆಯುವುದು ಪೆನ್ಸಿಲ್‌ನಲ್ಲಿ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ. ಚೀಟಿಯನ್ನು ಸೀಸೆಯ ಹೊರಗೆ ಅಂಟಿಸದೆ ಹುಳದ ಜೊತೆ ಒಳಗೇ ಹಾಕಿ.